ಗದ್ದೆಕೋಳಿಯ ಚಳಿಗಾಲ

ಕಳೆದ ವಾರ ಮಂಗಳೂರಿನ ಕೊಟ್ಟಾರದಲ್ಲಿ ಸಿಟಿ ಬಸ್ಸಿನಿಂದ ಇಳಿದಾಗ ಮಳೆ ಆಗಷ್ಟೇ ಬಿಟ್ಟಿತ್ತು. ರವಿಕೆ ಹೊಲಿಯಲು ಕೊಟ್ಟಿದ್ದ ಅಂಗಡಿಯವರು ಇನ್ನೂ ಶಟರ್ ಎತ್ತಿರಲಿಲ್ಲ. ಪಕ್ಕದಲ್ಲಿ ತುಂಬಿ ಹರಿಯುವ ತೋಡು. ಅದರಿಂದ ಕೊಳೆತ ಹುಲ್ಲಿನ, ಕೆಸರಿನ ವಾಸನೆ, ಜೊತೆಗೆ ಯಾರೋ ದಂಡೆಗೆ ಚೆಲ್ಲಿದ್ದ ಬ್ಲೀಚಿಂಗ್ ಪುಡಿಯ ಘಾಟು. ನೆನಪು ಬರುವ ಮೊದಲೇ ನನ್ನ ಸೊಂಟಕ್ಕೆ ನೋವು ಬಂತು. ಆ ವಾಸನೆಯಲ್ಲಿ ನಾನು ಒಂದಿಡೀ ವರ್ಷ ಬಗ್ಗಿ ಎದ್ದವಳು.

ಅಲ್ಲಿಂದ ಎರಡು ಓಣಿ ಹಿಂದೆ, ಒಂದು ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ಅದಕ್ಕೆ ಮೊದಲು ನಮ್ಮದು ಹಂಪನಕಟ್ಟೆಯ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆ, ಲಿಫ್ಟ್ ಇಲ್ಲದ್ದು. ಆ ಬೇಸಗೆಯಲ್ಲಿ ನನ್ನ ಅತ್ತೆಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋದವು. ಆಸ್ಪತ್ರೆಯಿಂದ ಬಿಟ್ಟ ದಿನ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಾಳಿಗೆ ಹೊತ್ತವರ ಏದುಸಿರು ಕೇಳಿದ ಮೇಲೆ ನನ್ನ ಗಂಡ ಲಿಫ್ಟ್ ಇರುವ ಮನೆ ಹುಡುಕಿದರು. ಅವರಿಗೆ ಬೈಕಂಪಾಡಿಯ ಗೋದಾಮಿನಲ್ಲಿ ಶಿಫ್ಟ್ ಕೆಲಸ, ಕೊಟ್ಟಾರವಾದರೆ ಬಸ್ಸಿಗೂ ಸುಲಭ.

ಅತ್ತೆಯನ್ನು ತುಳುವಿನಲ್ಲಿ ಕರೆಯುವ ಹಾಗೆ ನಾನು ಮಾಮಿ ಎನ್ನುತ್ತಿದ್ದೆ. ಹೆಸರು ಕಮಲ. ಗದ್ದೆ ಬೇಸಾಯದ ಮನೆಯವರು, ಗದ್ದೆ ಪಾಲಾದ ಮೇಲೆ ಮಗನ ಜೊತೆ ಪೇಟೆಗೆ ಬಂದವರು. ಸ್ಟ್ರೋಕಿನ ನಂತರ ಮಾತು ನಿಧಾನವಾಗಿತ್ತು, ತುಟಿ ಒಂದು ಕಡೆಗೆ ಜಾರುತ್ತಿತ್ತು. ಬುದ್ಧಿ ಮಾತ್ರ ಎಲ್ಲಿಗೂ ಜಾರಿರಲಿಲ್ಲ. ಅವರು ಆಡಿದ್ದೆಲ್ಲ ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಂಚವನ್ನು ಹಿಂದಿನ ಕೋಣೆಯ ಕಿಟಕಿಗೆ ತಾಗಿಸಿ ಹಾಕಿದ್ದೆವು. ಕಿಟಕಿಯ ಕೆಳಗೆ ಕಾಂಪೌಂಡು, ಅದರಾಚೆ ಹಡಿಲು ಬಿದ್ದ ಗದ್ದೆ. ಬೇಸಾಯ ನಿಂತು ಎಷ್ಟೋ ವರ್ಷಗಳಾಗಿ, ನೀರು ಕಟ್ಟಿ ಜೌಗಾಗಿ, ಆಳೆತ್ತರದ ಜೊಂಡುಹುಲ್ಲು ಬೆಳೆದ ಜಾಗ. ಮನೆ ತೋರಿಸಿದ ಬ್ರೋಕರ್ ಆ ಕಿಟಕಿಯನ್ನು ತೆರೆದೇ ಇರಲಿಲ್ಲ. ಸೊಳ್ಳೆ ಬರ್ತದೆ ಮೇಡಂ ಎಂದಿದ್ದ.

ಜೂನಿನಲ್ಲಿ ಮಳೆ ಹಿಡಿಯಿತು. ಎರಡು ಗಂಟೆಗೊಮ್ಮೆ ಮಾಮಿಯನ್ನು ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಗಂಜಿಯನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ ಚಮಚದಲ್ಲಿ ಕುಡಿಸಬೇಕು. ದಿನಕ್ಕೆ ನಾಲ್ಕು ಹಾಸುಬಟ್ಟೆ ಒಗೆಯಬೇಕು. ಒಗೆದದ್ದು ಒಣಗುವುದಿಲ್ಲ. ಹಾಲ್‌ನಲ್ಲಿ ಅಡ್ಡಡ್ಡ ಹಗ್ಗ ಕಟ್ಟಿ, ಫ್ಯಾನಿನಡಿ ಹರವಿ, ಕೊನೆಗೆ ಇಸ್ತ್ರಿ ಪೆಟ್ಟಿಗೆ ಉಜ್ಜಿ ಉಜ್ಜಿ ಒಣಗಿಸುತ್ತಿದ್ದೆ. ಹೋಮ್ ನರ್ಸ್ ಒಬ್ಬಳು ಬಂದಿದ್ದಳು. ಹತ್ತನೆಯ ದಿನ ಊರಿಗೆ ಹೋಗಿ ಬರ್ತೇನೆ ಎಂದು ಹೋದವಳು ಫೋನ್ ಎತ್ತಲಿಲ್ಲ. ನನ್ನ ಕೂದಲಿಗೆ ನಾನೇ ಎಣ್ಣೆ ಹಾಕಿ ಎಷ್ಟು ದಿನವಾಯಿತೆಂದು ಲೆಕ್ಕ ಸಿಗದ ಹಾಗಾಗಿತ್ತು.

ಅಂಥ ಒಂದು ಸಂಜೆ ಹೊರಗಿನಿಂದ ಒಂದು ಸದ್ದು ಕೇಳತೊಡಗಿತು. ಖಾಲಿ ಕೊಡದೊಳಗೆ ಯಾರೋ ಬಾಯಿಟ್ಟು ಕುಂ, ಕುಂ, ಕುಂ ಎಂದು ಒಂದೇ ಸಮನೆ ಹೇಳಿದ ಹಾಗೆ. ಹತ್ತು ನಿಮಿಷ ಬಿಡದೆ ಬಂತು.

"ಯಾರದೋ ಪಂಪ್ ಕೆಟ್ಟಿದೆ ಕಾಣ್ತದೆ," ಎಂದೆ.

"ಪಂಪಲ್ಲ," ಎಂದರು ಮಾಮಿ. ಮಂಚಕ್ಕೆ ಬಂದ ಮೇಲೆ ಅವರ ಮುಖದಲ್ಲಿ ನಾನು ಅಂಥ ಗಮನ ನೋಡಿರಲಿಲ್ಲ. "ಗದ್ದೆಕೋಳಿ. ಗಂಡು. ಹುಲ್ಲಿನ ಬುಡಕ್ಕೆ ನೋಡು, ಮೇಲೆ ಅಲ್ಲ."

ನೋಡಿದೆ. ಹುಲ್ಲು ಬಿಟ್ಟರೆ ಏನೂ ಕಾಣಲಿಲ್ಲ. ಸ್ಟವ್ ಮೇಲೆ ಹಾಲಿತ್ತು, ಒಳಗೆ ಹೋದೆ.

ಐತಾಳ ಸರ್ ನಮ್ಮ ಮನೆಗೆ ಬಂದದ್ದು ಆ ಸದ್ದಿನ ಬೆನ್ನು ಹಿಡಿದು. ಮೇಲಿನ ಮಹಡಿಯಲ್ಲಿದ್ದ ನಿವೃತ್ತ ಜೀವಶಾಸ್ತ್ರದ ಲೆಕ್ಚರರ್, ದೇವಸ್ಥಾನದ ಪೂಜೆಯ ಮನೆತನದವರು. ಮನೆ ಬದಲಿಸಿದ ದಿನ ಲಿಫ್ಟಿನ ಹತ್ತಿರ ಮಾಮಿಯ ಪರಿಚಯವಾಗಿತ್ತು. ಕುತ್ತಿಗೆಯಲ್ಲಿ ಬೈನಾಕ್ಯುಲರ್, ಕೈಯಲ್ಲಿ ಒದ್ದೆ ಕೊಡೆ. ಬಾಗಿಲಲ್ಲೇ ನಿಂತು ಕೇಳಿದರು.

"ಅಮ್ಮಾ, ತೊಂದ್ರೆ ಕೊಡ್ತಿದ್ದೇನೆ. ನಿಮ್ಮ ಹಿಂದಿನ ಕಿಟಕಿಯಿಂದ ಆ ಜೌಗು ಕಾಣ್ತದಲ್ಲ? ನನ್ನ ಮನೆಯಿಂದ ನೀರಿನ ಟ್ಯಾಂಕ್ ಅಡ್ಡ."

ಒಳಗಿನಿಂದ ಮಾಮಿ ಕೇಳಿದರು, "ಭಟ್ರಿಗೆ ಎಂತ ಬೇಕಂತೆ?"

"ಹಕ್ಕಿ ನೋಡ್ಲಿಕ್ಕಂತೆ, ಮಾಮಿ."

"ಗಂಟೆ ಹೊಡೆಯುವ ಕೆಲಸ ಬಿಟ್ಟು ಹಕ್ಕಿಯಾ?"

"ಗಂಟೆ ಹೊಡೆಯುವುದು ನನ್ನ ಅಣ್ಣ, ಕಮಲಕ್ಕ. ನಾನು ಕಾಲೇಜಿನಲ್ಲಿ ಕಪ್ಪೆ ಕೊಯ್ದುಕೊಂಡಿದ್ದವ."

ಮಾಮಿ ಮಲಗಿದಲ್ಲಿಂದಲೇ ಹೇಳಿದರು, "ಕಪ್ಪೆ ಕೊಯ್ದವರಾದ್ರೆ ಒಳಗೆ ಬರಬಹುದು. ಕೂತ್ಕೊಳ್ಳಿ."

ಅಂದಿನಿಂದ ಅವರು ವಾರಕ್ಕೆ ಎರಡು ಸಲ ಬಂದು ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದರು. ಮಂಗಳೂರಿನ ಜೌಗು ಜಾಗಗಳ ಹಕ್ಕಿಗಳ ಒಂದು ಪಟ್ಟಿಯನ್ನು ಅವರೂ ಅವರ ಗುಂಪಿನವರೂ ಮಾಡುತ್ತಿದ್ದರು. ಯಾವ ಹಕ್ಕಿ, ಎಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ. ಪುಸ್ತಕಗಳಲ್ಲಿ ವಾಟರ್‌ಕಾಕ್ ಎಂದಿರುವ ಈ ಗದ್ದೆಕೋಳಿಯ ಸಾಲಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮಾತ್ರ ಗುರುತು ಬಿದ್ದಿತ್ತು, ಮುಂದಿನ ತಿಂಗಳುಗಳ ಮನೆಗಳೆಲ್ಲ ಖಾಲಿ.

"ಮಳೆ ಮುಗಿದ ಮೇಲೆ ಎಲ್ಲಿಗೆ ಹೋಗ್ತದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ," ಎಂದರು ಸರ್.

"ಎಲ್ಲಿಗೂ ಹೋಗುವುದಿಲ್ಲ," ಎಂದರು ಮಾಮಿ. "ಆಟಿ ತಿಂಗಳಲ್ಲಿ ಮೈ ಕಪ್ಪು, ತಲೆ ಮೇಲೆ ಕೆಂಪು ಜುಟ್ಟು. ಕೋಳಿಕಟ್ಟದ ಕಾಳಗಕ್ಕೆ ಬಿಡ್ಬಹುದು, ಅಷ್ಟು ಜೋರು. ಮಳೆ ಹೋದ ಕೂಡ್ಲೆ ಕೆಂಪೆಲ್ಲ ಬಿಚ್ಚಿಟ್ಟು ಹೇಂಟೆಯ ಹಾಗೆ ಕಂದು ಆಗ್ತದೆ. ಬಾಯಿ ಮುಚ್ತದೆ. ಬಾಯಿ ಮುಚ್ಚಿದವರು ಉಂಟಾ ಇಲ್ಲವಾ ಅಂತ ನೀವು ಯಾಕೆ ನೋಡ್ತೀರಿ?"

"ನನಗೂ ಅದೇ ಸಂಶಯ, ಕಮಲಕ್ಕ. ಆದ್ರೆ ಸಂಶಯವನ್ನು ಪಟ್ಟಿಯಲ್ಲಿ ಹಾಕ್ಲಿಕ್ಕೆ ಆಗುವುದಿಲ್ಲ. ಯಾರಾದ್ರೂ ಚಳಿಗಾಲದಲ್ಲಿ ಕಾಣ್ಬೇಕು, ಕಂಡದ್ದನ್ನು ಅವತ್ತೇ ಬರೆದಿಡ್ಬೇಕು."

ಒಂದು ಉದ್ದ ನೋಟ್‌ಬುಕ್ ತಂದುಕೊಟ್ಟರು. ಬರೆಯುವ ಕೆಲಸ ನನ್ನದಾಯಿತು. ಗೆರೆ ಎಳೆದು ನಾಲ್ಕು ಅಂಕಣ ಮಾಡಿದೆ: ದಿನ, ಹೊತ್ತು, ಕಂಡದ್ದು, ಕಂಡವರು. ನನ್ನ ಕಾನ್ವೆಂಟಿನ ಸಿಸ್ಟರುಗಳು ಅಂಚಿಗೆ ಕೆಂಪು ಗೆರೆ ಇಲ್ಲದ ಹಾಳೆಯನ್ನು ಮುಟ್ಟುತ್ತಿರಲಿಲ್ಲ. ಬರೆದವಳು ಕೊನೆಗೆ ಹೆಸರು ಹಾಕದಿದ್ದರೆ ಹಿಂದಕ್ಕೆ ಕೊಡುತ್ತಿದ್ದರು. ಆ ಅಭ್ಯಾಸ ಮದುವೆಯಾದ ಮೇಲೂ ಹೋಗಿರಲಿಲ್ಲ. ರೇಷನ್ ಕಾರ್ಡಿನ ಅರ್ಜಿಯಾಗಲಿ, ಬ್ಯಾಂಕಿನ ಫಾರ್ಮ್ ಆಗಲಿ, ಮಾಮಿಯ ಆಸ್ಪತ್ರೆಯ ಕಾಗದವಾಗಲಿ, ತುಂಬಿಸುವವಳು ನಾನು, ಕೆಳಗೆ ಸಹಿ ಹಾಕುವವಳೂ ನಾನು. ಹಾಗಾಗಿ "ಕಂಡವರು" ಎಂಬಲ್ಲಿ ಮೊದಲ ದಿನವೇ ಶಾಲಿನಿ ಎಂದು ಬರೆದೆ. ಕಂಡದ್ದು ಮಾಮಿ. ಅದು ತಪ್ಪೆಂದು ನನಗೆ ಹೊಳೆಯಲೇ ಇಲ್ಲ.

ಮಾಮಿ ದಿನ ಹೇಳುತ್ತಿದ್ದದ್ದು ತುಳು ತಿಂಗಳಿನ ಲೆಕ್ಕದಲ್ಲಿ, ಸಂಕ್ರಾಂತಿಯಿಂದ ಸಂಕ್ರಾಂತಿಗೆ. "ಆಟಿ ಹೋಗಿ ಆರು, ಕತ್ತಲಾಗ್ಲಿಕ್ಕೆ ಮೊದಲು, ಗಂಡು, ಟ್ಯಾಂಕಿನ ಹತ್ತಿರ." ಅಂದರೆ ಜುಲೈ ನಡುವಿನಲ್ಲಿ ಶುರುವಾಗುವ ಆಟಿ ತಿಂಗಳ ಆರನೆಯ ದಿನ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಸಣ್ಣಕ್ಷರದ ತುಳು ತಿಂಗಳು ಹುಡುಕಿ ಇಂಗ್ಲಿಷ್ ತಾರೀಕು ಮಾಡಿ ಬರೆಯುತ್ತಿದ್ದೆ. ಅವರ ಲೆಕ್ಕ ಒಂದು ದಿನವೂ ತಪ್ಪಿದ್ದಿಲ್ಲ. ಮಲಗಿದಲ್ಲೇ ಇರುವವರಿಗೆ ದಿನ ಗುರುತಿರುವುದು, ಓಡಾಡುವ ನನಗೆ ಇಂದು ಬುಧವಾರವೋ ಗುರುವಾರವೋ ತಿಳಿಯದಿರುವುದು ವಿಚಿತ್ರ ಅನಿಸುತ್ತಿತ್ತು.

ಮಳೆಗಾಲವೆಲ್ಲ ಹಾಗೆ ಕಳೆಯಿತು. ಗಂಡು ಹಕ್ಕಿಯನ್ನು ನಾನೂ ನಾಲ್ಕು ಸಲ ಕಂಡೆ. ಸರ್ ಬೈನಾಕ್ಯುಲರ್ ಕೊಟ್ಟು ತೋರಿಸಿದ್ದು ಮೂರು ಸಲ. ಒಂದು ಸಲ ಮಾತ್ರ ನಾನೇ, ಮಾಮಿಯ ಬೆನ್ನಿಗೆ ಪೌಡರ್ ಹಚ್ಚುತ್ತಾ ತಲೆ ಎತ್ತಿದಾಗ. ಹುಲ್ಲಿನ ನಡುವೆ ಕಪ್ಪು ಕುತ್ತಿಗೆ, ಹಣೆಯ ಮೇಲೆ ಕೆಂಪು, ಎರಡು ಹೆಜ್ಜೆ, ಮತ್ತೆ ಹುಲ್ಲು.

ಸೆಪ್ಟೆಂಬರ್ ಮುಗಿಯುವಾಗ ಕೂಗು ನಿಂತಿತು. ಸರ್ ಬರುವುದು ವಾರಕ್ಕೊಮ್ಮೆಯಾಯಿತು. ಮಾಮಿ ಕಿಟಕಿ ಬಿಡಲಿಲ್ಲ. ಆ ದಿನಗಳ ಬಗ್ಗೆ ಬರೆಯಲು ಏನೂ ಇಲ್ಲ, ಒಂದು ದಿನದ ಮೈ ಇನ್ನೊಂದು ದಿನದ ಹಾಗೆಯೇ ಇತ್ತು. ಫಿಸಿಯೋಥೆರಪಿಯವರು ಬಂದು, ಮಾಮಿಯ ಕಾಲು ಮಡಿಸುತ್ತಾ ನನ್ನನ್ನು ಕೇಳುತ್ತಿದ್ದರು, "ನಿನ್ನೆ ನೋವುಂಟು ಅಂದ್ರಾ? ಊಟ ಮಾಡಿದ್ರಾ?" ನಾನು ಉತ್ತರ ಹೇಳುತ್ತಿದ್ದೆ. ಒಂದು ದಿನ ಮಾಮಿ ಆ ಹುಡುಗಿಗೆ, "ಬಾಯಿ ನನಗೂ ಉಂಟು, ಮಗಾ. ಸೊಟ್ಟ ಆದದ್ದು ಮಾತ್ರ," ಎಂದರು. ಆಕೆ ನಕ್ಕಳು. ನಾನೂ ನಕ್ಕೆ. ನಕ್ಕ ಮೇಲೂ ಆಕೆ ನನ್ನನ್ನೇ ಕೇಳಿದಳು, ನಾನೇ ಹೇಳಿದೆ.

ಜನವರಿ ನಡುವಿನಲ್ಲಿ, ತುಳುವಿನ ಪುಯಿಂತೆಲ್ ತಿಂಗಳ ಮೊದಲ ವಾರದ ಒಂದು ಮಧ್ಯಾಹ್ನ. ಮಾಮಿಯ ಎಡಗೈಗೆ ಸಿಗುವ ಹಾಗೆ ಒಂದು ಸ್ಟೀಲ್ ಲೋಟ ಮತ್ತು ಚಮಚ ಇಟ್ಟಿದ್ದೆ. ಏನಾದರೂ ಬೇಕಿದ್ದರೆ ಬಡಿಯಬೇಕು. ಅಂದು ಹಾಲ್‌ನ ಬೆತ್ತದ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದ್ದೆ. ಲೋಟ ಸದ್ದಾಯಿತು. ನಿಂತಿತು, ಮತ್ತೆ ಆಯಿತು, ಸಣ್ಣಗೆ, ಅವಸರವಾಗಿ. ಬೆಡ್‌ಪ್ಯಾನಿಗೆ ಕರೆಯುತ್ತಿದ್ದಾರೆ ಅಂದುಕೊಂಡೆ. ಎದ್ದೆ ಎಂದು ಮನಸ್ಸು ಹೇಳಿತು, ಕಾಲು ಏಳಲಿಲ್ಲ. ಕುರ್ಚಿಯಲ್ಲಿ ಒಮ್ಮೆ ಹೊರಳಿ ಕೈಯಿಂದ ಕಣ್ಣು ಮುಚ್ಚಿಕೊಂಡೆ. ಅಷ್ಟು ತಿಂಗಳಲ್ಲಿ ಲೋಟ ಬಡಿದಾಗ ನಾನು ಏಳದೆ ಇದ್ದದ್ದು ಅದೊಂದೇ ಸಲ. ಹತ್ತು ನಿಮಿಷ ಇರಬಹುದು, ಹದಿನೈದು ಇರಬಹುದು.

ಹೋದಾಗ ಹಾಸಿಗೆ ಒದ್ದೆಯಾಗಿತ್ತು. ಮಾಮಿ ಕಿಟಕಿಯ ಕಡೆಗೇ ನೋಡುತ್ತಿದ್ದರು.

"ಅಲ್ಲಿತ್ತು," ಎಂದರು. "ಟ್ಯಾಂಕಿನ ನೀರು ಸೋರ್ತದಲ್ಲ, ಅಲ್ಲಿ ಕಾಂಪೌಂಡಿಗೆ ತಾಗಿ. ಕಂದು. ಹೊಟ್ಟೆ ಮೇಲೆ ಅಡ್ಡ ಅಡ್ಡ ಗೆರೆ. ತುಂಬ ಹೊತ್ತು ಇತ್ತು. ಈಗ ಹೋಯ್ತು."

ನಾನು ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಹಾಸಿಗೆ ಬದಲಿಸಿದೆ, ಮೈ ಒರೆಸಿದೆ, ಬೇರೆ ನೈಟಿ ಹಾಕಿದೆ. ಆಮೇಲೆ ನೋಟ್‌ಬುಕ್ ತೆಗೆದು ಬರೆಯಲು ಕುಳಿತೆ. ಈ ಸಲ ಕೊನೆಯ ಅಂಕಣಕ್ಕೆ ಬಂದಾಗ ಕೈ ನಿಂತಿತು. ಮಾಮಿಯ ಹೆಸರು ಬರೆದರೆ ಯಾರು ನಂಬುತ್ತಾರೆ? ಒಂದು ಕಣ್ಣಿನ ಆಪರೇಶನ್ ಆಗಿದೆ, ಇನ್ನೊಂದಕ್ಕೆ ಪೊರೆ ಉಂಟು, ಮೇಲೆ ಸ್ಟ್ರೋಕ್ ಆದವರು. ಅವರು ಅಷ್ಟು ತಿಂಗಳು ಕಾದದ್ದು ವ್ಯರ್ಥವಾಗುತ್ತದೆ. ನನ್ನ ಹೆಸರಾದರೆ ನಿಲ್ಲುತ್ತದೆ. ಬಾರದೆ ಉಳಿದದ್ದಕ್ಕೆ ಇಷ್ಟಾದರೂ ಮಾಡುತ್ತೇನೆ ಎಂದುಕೊಂಡೆ. ಶಾಲಿನಿ ಎಂದು ಬರೆದೆ. ಮೊದಲು ಬರೆದದ್ದೆಲ್ಲ ಅಭ್ಯಾಸದಿಂದ. ಇದನ್ನು ತಿಳಿದೇ ಬರೆದೆ.

ನಾಲ್ಕು ದಿನ ಬಿಟ್ಟು ಸರ್ ಬಂದರು. ಪುಟ ತಿರುವಿದವರು ನಿಂತಲ್ಲೇ ಓದಿದರು, ಕುಳಿತು ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸಿಕೊಂಡರು.

"ಶಾಲಿನಿಯವ್ರೇ, ಇದು ಎಂತ ಅಂತ ಗೊತ್ತುಂಟಾ ನಿಮಗೆ? ಮಳೆಗಾಲಕ್ಕೆ ಮಾತ್ರ ಬರುವುದಾದ್ರೆ ಅದು ನೆಂಟ. ಪುಯಿಂತೆಲಿನಲ್ಲೂ ಇದ್ರೆ ಇದು ಅದರ ಮನೆ. ಪಟ್ಟಿಯೇ ಬದಲಾಗ್ತದೆ."

ನಾನು ತಲೆಯಾಡಿಸಿದೆ.

"ನೀವೇ ಕಂಡದ್ದಲ್ವಾ?"

"ಹೌದು ಸರ್."

"ಒಳ್ಳೇದಾಯ್ತು. ನೀವು ಸುಮ್ಮನೆ ಬರೆಯುವವರಲ್ಲ. ಒಂದೆರಡು ಕೇಳ್ತೇನೆ, ಗುಂಪಿನವರು ನನ್ನನ್ನು ಕೇಳ್ತಾರೆ. ಎಷ್ಟು ದೊಡ್ಡದಿತ್ತು?"

"ಕೋಳಿಯಷ್ಟು."

"ಕಾಲಿನ ಬಣ್ಣ?"

ನನ್ನ ಕಣ್ಣ ಮುಂದೆ ಇದ್ದದ್ದು ಮಳೆಗಾಲದ ಆ ಗಂಡು. "ಕೆಂಪು," ಎಂದೆ.

ಸರ್ ಬರೆಯಲು ಎತ್ತಿದ ಪೆನ್ನನ್ನು ಹಾಗೆಯೇ ಹಿಡಿದುಕೊಂಡರು. ಆಮೇಲೆ ಬಹಳ ಮೆತ್ತಗೆ, ಪರೀಕ್ಷೆಯಲ್ಲಿ ತಪ್ಪು ಹೇಳಿದ ಮಗುವಿಗೆ ಇನ್ನೊಂದು ಅವಕಾಶ ಕೊಡುವ ಹಾಗೆ ಹೇಳಿದರು, "ಇನ್ನೊಮ್ಮೆ ನೆನಪು ಮಾಡಿ ನೋಡಿ. ಅವಸರ ಇಲ್ಲ."

ಉತ್ತರ ಮಂಚದಿಂದ ಬಂತು.

"ಹಸಿರು," ಎಂದರು ಮಾಮಿ. "ಎಳೆ ಬಾಳೆಕಾಯಿ ಉಂಟಲ್ಲ, ಆ ಹಸಿರು. ಮಳೆಗಾಲದ ಕೆಂಪೆಲ್ಲ ಹೋಗಿರ್ತದೆ, ಕಾಲಿನದ್ದೂ. ಅವಳಿಗೆ ಹೇಗೆ ಗೊತ್ತಾಗ್ಬೇಕು? ಅವಳು ನೋಡ್ಲಿಲ್ಲ, ಭಟ್ರೇ. ನೋಡಿದ್ದು ನಾನು."

ನಾನು ಯಾಕೆ ನೋಡಲಿಲ್ಲ ಎಂಬುದನ್ನು ಮಾಮಿ ಹೇಳಲಿಲ್ಲ. ಅದನ್ನು ಹೇಳುವುದು ನನಗೆ ಬಿಟ್ಟದ್ದಾಗಿತ್ತು. "ಚಹಾ ತರ್ತೇನೆ," ಎಂದು ಅಡಿಗೆಮನೆಗೆ ಹೋದೆ. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯಲು ಬಾರದೆ ಅದನ್ನು ಹಿಡಿದು ನಿಂತೆ. ಅಲ್ಲಿಗೆ ಅವರ ಮಾತು ಕೇಳುತ್ತಿತ್ತು.

"ಕಮಲಕ್ಕ, ನಿಮ್ಮ ಮಾತು ನಾನು ನಂಬ್ತೇನೆ. ಕಾಲು ಹಸಿರು ಅಂತ ಪುಸ್ತಕ ಓದದೆ ಹೇಳ್ಬೇಕಾದ್ರೆ ಕಂಡೇ ಇರ್ಬೇಕು. ಆದ್ರೆ ಗುಂಪಿನವರು ಪ್ರಶ್ನೆ ಮಾಡ್ತಾರೆ. ಕಣ್ಣು, ಆರೋಗ್ಯ, ವಯಸ್ಸು..."

"ಮಾಡ್ಲಿ. ಇಲ್ಲಿ ಬಂದು ಮಾಡ್ಲಿಕ್ಕೆ ಹೇಳಿ. ನಾನೆಲ್ಲಿಗೂ ಓಡಿ ಹೋಗುವುದಿಲ್ಲ."

"ಇನ್ನೊಬ್ಬರು ಒಮ್ಮೆ ಕಂಡ್ರೆ ಗಟ್ಟಿಯಾಗ್ತದೆ."

"ಕಾಣುವವರು ಕಾಣ್ಲಿ. ನನ್ನದನ್ನು ನನ್ನ ಹೆಸರಲ್ಲಿ ಬರೀರಿ. ಹೆಂಗಸರ ಲೆಕ್ಕ ಗದ್ದೆಯಲ್ಲೂ ಹೀಗೇ ಇತ್ತು, ಭಟ್ರೇ. ನೆಟ್ಟದ್ದು ನಾನು. ಎಷ್ಟು ಮುಡಿ ಅಕ್ಕಿ ಬಂತು ಅಂತ ಕೇಳ್ತಿದ್ದದ್ದು ಗಂಡಸರನ್ನು."

ಚಹಾ ತಂದಾಗ ಸರ್ ನೋಟ್‌ಬುಕ್ ಮುಚ್ಚಿ ಮಂಚದ ತುದಿಯಲ್ಲಿಟ್ಟಿದ್ದರು. ನನ್ನನ್ನು ಏನೂ ಕೇಳಲಿಲ್ಲ. ಚಹಾ ಕುಡಿದು, "ತಿದ್ದುವುದಿದ್ರೆ ನೀವೇ ತಿದ್ದಿ, ಅಮ್ಮಾ. ಹಳೆಯದ್ದು ಕಾಣುವ ಹಾಗೆ ಒಂದು ಗೆರೆ ಎಳೆದ್ರೆ ಸಾಕು," ಎಂದು ಹೇಳಿ ಹೋದರು.

ಸಂಜೆ ಮಾಮಿಯ ತಲೆ ಬಾಚುತ್ತಿದ್ದೆ. ಸ್ಟ್ರೋಕಿನ ನಂತರ ಕೂದಲು ಬಹಳ ಉದುರಿ, ಜಡೆ ಬೆರಳಿನಷ್ಟಾಗಿತ್ತು. ಹಿಂದಿನಿಂದ ಮಾತಾಡುವುದು ಸುಲಭವಾಯಿತು.

"ಮಾಮಿ, ಅವತ್ತು ಲೋಟ ಬಡಿದದ್ದು ನನಗೆ ಕೇಳಿತ್ತು."

"ಗೊತ್ತುಂಟು."

"ನಿದ್ದೆ ಬಂದಿರ್ಲಿಲ್ಲ."

"ಅದೂ ಗೊತ್ತುಂಟು. ಬೆತ್ತದ ಕುರ್ಚಿ ಕಿರಗುಟ್ಟಿತಲ್ಲ. ಎಚ್ಚರ ಉಂಟು, ಬರುವುದಿಲ್ಲ ಅಂತ ತಿಳೀತು." ಎಡಗೈಯಿಂದ ಹೊದಿಕೆ ಸರಿಮಾಡಿಕೊಂಡರು. "ಬಾರದ್ದಕ್ಕೆ ನನಗೆ ಸಿಟ್ಟಿಲ್ಲ, ಮಗಾ. ನಿನ್ನ ಬೆನ್ನೂ ಬೆನ್ನೇ. ನಿನ್ನ ಹೆಸರು ಬರೆದದ್ದಕ್ಕೆ ಸಿಟ್ಟು ಬಂತು."

"ಯಾರೂ ನಂಬ್ಲಿಕ್ಕಿಲ್ಲ ಅಂತ ಬರೆದೆ."

"ನಂಬದಿದ್ರೆ ಅದು ಅವರ ಕರ್ಮ. ನನ್ನ ಮೂತ್ರ ಪರೀಕ್ಷೆಯ ಚೀಟಿಗೂ ನೀನು ಸಹಿ ಹಾಕ್ತಿ, ನನ್ನ ನೋವಿಗೂ ನೀನು ಉತ್ತರ ಹೇಳ್ತಿ. ಹೇಳು, ಬೇಡ ಅಂತ ನಾನು ಹೇಳುವುದಿಲ್ಲ. ಇಡೀ ದಿನದಲ್ಲಿ ನಾನು ಮಾಡುವ ಕೆಲಸ ಅಂತ ಇರುವುದು ಇದೊಂದು."

ಜಡೆಗೆ ರಬ್ಬರ್ ಹಾಕಿದೆ.

ಮರುದಿನ ಸ್ಕೇಲು ಇಟ್ಟುಕೊಂಡು ಮೊದಲ ಪುಟದಿಂದ ಕುಳಿತೆ. ಜೂನಿನಿಂದ ಎಲ್ಲ ಸಾಲಿನಲ್ಲಿ ನನ್ನ ಹೆಸರು ಅಚ್ಚುಕಟ್ಟಾದ ಅಕ್ಷರದಲ್ಲಿತ್ತು. ಒಂದೊಂದಾಗಿ ಗೆರೆ ಎಳೆದು ಪಕ್ಕದಲ್ಲಿ ಕಮಲ ಎಂದು ಬರೆದೆ. ನಾಲ್ಕು ಸಾಲು ಮಾತ್ರ ನನ್ನದಾಗಿ ಉಳಿಯಿತು. ಆ ಪುಟಗಳು ನೋಡಲು ಚಂದವಿರಲಿಲ್ಲ. ಮಾಮಿಗೆ ತೋರಿಸಿದೆ. ಅವರಿಗೆ ಕನ್ನಡ ಓದಲು ಕಷ್ಟ, ಆದರೆ ತಮ್ಮ ಹೆಸರಿನ ಮೂರಕ್ಷರದ ಗುರುತಿತ್ತು. ಎಡಗೈಯ ಬೆರಳನ್ನು ಒಂದರ ಕೆಳಗೊಂದು ಇಟ್ಟುಕೊಂಡು ಪುಟದ ಕೊನೆಯವರೆಗೆ ಹೋದರು.

ಆಮೇಲೆ ಕಾಯುವುದು ಉಳಿಯಿತು. ಇನ್ನೊಬ್ಬರು ಒಮ್ಮೆ ಕಾಣಬೇಕು. ಮಧ್ಯಾಹ್ನ ಊಟದ ಮೇಲೆ ಅರ್ಧ ಗಂಟೆ, ಸಂಜೆ ದೀಪ ಹಚ್ಚುವ ಮೊದಲು ಅರ್ಧ ಗಂಟೆ ನಾನೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೆ. ಸರ್ ಬೆಳಿಗ್ಗೆ ಬಂದು ಕುಳಿತರು. ರಜೆಯ ದಿನ ನನ್ನ ಗಂಡ ಕುಳಿತರು. ಹದಿನೈದು ನಿಮಿಷಕ್ಕೆ ಕುತ್ತಿಗೆ ಬಗ್ಗಿ ಗೊರಕೆ ಬಂತು. "ಇವನನ್ನು ಕಂಡು ಇದ್ದ ಹಕ್ಕಿಯೂ ಹೋದೀತು," ಎಂದರು ಮಾಮಿ. ಕಾಂಪೌಂಡಿನ ಕೆಳಗೆ ಬಿಳಿ ಎದೆಯ ಹುಂಡುಕೋಳಿಗಳು ಮರಿಗಳ ಸಮೇತ ನಾಚಿಕೆಯಿಲ್ಲದೆ ಓಡಾಡಿದವು. ಕೊಕ್ಕರೆಗಳು ಬಂದವು. ಬೇಕಾದದ್ದು ಬರಲಿಲ್ಲ.

ಫೆಬ್ರವರಿಯಲ್ಲಿ ಜೌಗಿನ ಆಚೆ ಮೂಲೆಗೆ ಕೆಂಪು ಮಣ್ಣಿನ ಲಾರಿಗಳು ಬರತೊಡಗಿದವು. ದಿನಕ್ಕೆ ಆರೇಳು ಲೋಡ್ ಸುರಿದು ಹೋಗುತ್ತಿದ್ದವು. ಅದೇ ಹೊತ್ತಿಗೆ ಮಾಮಿಗೆ ಮೂತ್ರದ ಸೋಂಕಾಗಿ ಜ್ವರ ಬಂತು, ಹೋಯಿತು, ಮತ್ತೆ ಬಂತು. ಗಂಜಿ ಅರ್ಧಕ್ಕೆ ಸಾಕೆನ್ನುತ್ತಿದ್ದರು. ಆಸ್ಪತ್ರೆಗೆ ಸೇರಿಸುವ ಮಾತು ಬಂದಾಗ, "ಅಲ್ಲಿ ಕಿಟಕಿಯಿಂದ ಎಂತ ಕಾಣ್ತದೆ? ಪಾರ್ಕಿಂಗ್," ಎಂದರು. ಡಾಕ್ಟರು ಮನೆಯಲ್ಲೇ ಇಂಜೆಕ್ಷನ್ ಕೊಡಿಸಲು ಒಪ್ಪಿದರು. ನಾನು ಎಷ್ಟು ದಣಿದಿದ್ದೆನೆಂದರೆ ಇಂಜೆಕ್ಷನ್ ಕೊಡಲು ಬರುವ ನರ್ಸ್ ಕೂರುವ ಐದು ನಿಮಿಷಕ್ಕಾಗಿ ಬೆಳಿಗ್ಗೆಯಿಂದ ಕಾಯುತ್ತಿದ್ದೆ.

ಮಾಮಿ ಏಪ್ರಿಲಿನಲ್ಲಿ ಹೋದರು. ಸರ್ ಅವರ ಪಟ್ಟಿ ಅದರ ಮುಂದಿನ ವರ್ಷ ಅಚ್ಚಾಯಿತು, ತೆಳ್ಳಗಿನ ಪುಸ್ತಕ. ಗದ್ದೆಕೋಳಿಯ ಎದುರು ಹೀಗಿದೆ: ಮಳೆಗಾಲದಲ್ಲಿ ಖಚಿತ. ಚಳಿಗಾಲದಲ್ಲಿ ಎರಡು ಸಲ ಕಂಡ ದಾಖಲೆ, ಎರಡೂ ಒಬ್ಬರದೇ, ಕಮಲ, ಕೊಟ್ಟಾರ. ಇನ್ನೊಬ್ಬರು ಕಾಣಬೇಕಾಗಿದೆ. ಗುಂಪಿನಲ್ಲಿ ಇದಕ್ಕೆ ಜಗಳವಾಯಿತಂತೆ, ಸರ್ ಬಿಟ್ಟುಕೊಡಲಿಲ್ಲವಂತೆ. ಎರಡನೆಯ ಸಲ ಕಂಡದ್ದು ಮಾಯಿ ತಿಂಗಳಲ್ಲಿ, ಅಂದರೆ ಫೆಬ್ರವರಿಯ ಕೊನೆಯಲ್ಲಿ. ಆಗ ನಾನು ಪಕ್ಕದಲ್ಲೇ ಇದ್ದೆ.

ಸಂಜೆ ಆರರ ಹೊತ್ತು. ಲಾರಿಗಳು ಹೋಗಿ ಧೂಳು ಕೂತಿತ್ತು. ಮಾಮಿಗೆ ಜ್ವರ ಬಿಟ್ಟಿತ್ತು, ಮೈ ಬೆವರಿತ್ತು. ಕುತ್ತಿಗೆ ಒರೆಸುತ್ತಿದ್ದೆ. ಅವರ ಎಡಗೈ ನನ್ನ ಮಣಿಕಟ್ಟನ್ನು ಹಿಡಿಯಿತು. ಅಷ್ಟು ಬಲ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ.

"ಅಲ್ಲಿ. ಟ್ಯಾಂಕಿನ ಎಡಕ್ಕೆ. ಹುಲ್ಲಿನ ಬುಡ."

ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ತಲೆ ಬಗ್ಗಿಸಿ, ಅವರ ಕಣ್ಣಿನ ಮಟ್ಟಕ್ಕೆ ನನ್ನ ಕಣ್ಣು ತಂದು ನೋಡಿದೆ. ಕಂದು ಬಣ್ಣದ ಒಣಹುಲ್ಲು, ಅದರ ಹಿಂದೆ ಕಂದು ನೆರಳು. ಗಾಳಿ ಇರಲಿಲ್ಲ. ಸುತ್ತಲಿನ ಹುಲ್ಲೆಲ್ಲ ನಿಂತಿತ್ತು, ನಡುವೆ ನಾಲ್ಕು ಕಡ್ಡಿಗಳು ಒಂದರ ನಂತರ ಒಂದು ಬಾಗಿ ನೆಟ್ಟಗಾದವು. ಅದರೊಳಗೆ ಏನೋ ನಡೆದುಹೋದ ಹಾಗೆ. ಅಷ್ಟೇ. ಮತ್ತೆ ನೋಡಿದೆ, ಕಣ್ಣಲ್ಲಿ ನೀರು ಬರುವಷ್ಟು ಹೊತ್ತು ರೆಪ್ಪೆ ಮುಚ್ಚದೆ ನೋಡಿದೆ.

"ಕಂಡಿತಾ?"

ಹೌದು ಎಂದರೆ ಎಲ್ಲ ಮುಗಿಯುತ್ತಿತ್ತು. ಈ ಸಲ ಕಾಲಿನ ಬಣ್ಣವೂ ನನಗೆ ಗೊತ್ತಿತ್ತು. ಸರ್ ಕೇಳಿದರೆ ತಪ್ಪುತ್ತಿರಲಿಲ್ಲ. ಅವರ ಬೆರಳುಗಳು ಇನ್ನೂ ನನ್ನ ಮಣಿಕಟ್ಟಿನ ಮೇಲಿದ್ದವು.

"ಇಲ್ಲ, ಮಾಮಿ. ಹುಲ್ಲು ಅಲ್ಲಾಡಿದ್ದು ಕಂಡಿತು."

ಅವರು ಉಸಿರು ಬಿಟ್ಟರು. ಬೇಸರದ್ದೆಂದು ಅಂದುಕೊಂಡೆ. ಮುಖ ನೋಡಿದರೆ ಹಾಗಿರಲಿಲ್ಲ.

"ಹಾಗೇ ಬರಿ," ಎಂದರು. "ಮಾಯಿ ಹೋಗಿ ಒಂಬತ್ತು. ಕತ್ತಲಾಗ್ಲಿಕ್ಕೆ ಮೊದಲು. ಒಂದು, ಕಂದು. ಕಂಡವರು ಕಮಲ. ಹುಲ್ಲು ಅಲ್ಲಾಡಿದ್ದು ಕಂಡವರು ಶಾಲಿನಿ."

ಬರೆದೆ. ಓದಿ ಹೇಳು ಎಂದರು, ಓದಿದೆ. ಇನ್ನೊಮ್ಮೆ ಎಂದರು, ಇನ್ನೊಮ್ಮೆ ಓದಿದೆ. ಆಮೇಲೆ ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಬೆನ್ನಿನಡಿ ಕೈ ಹಾಕಿ, "ಕಿಟಕಿ ಕಡೆಗೇ ಇರ್ಲಾ?" ಎಂದು ಕೇಳಿದೆ.

"ಬೇಡ, ಗೋಡೆ ಕಡೆಗೆ ಹಾಕು. ಇವತ್ತಿಗೆ ನನ್ನದು ನೋಡಿ ಆಯ್ತು. ಇನ್ನು ಸ್ವಲ್ಪ ಹೊತ್ತು ನೀನು ನೋಡು."